ಬೆಂದೂರ್‌ವೆಲ್‌ನಲ್ಲಿ ಮೂರು ತಿಂಗಳ ರಿಫಾರ್ಮರ್ ಕ್ಲಾಸು

ನಾಲ್ಕು ವರ್ಷ ಜಿಮ್‌ಗೆ ಹೋದವಳು ನಾನು. ಬ್ಯಾಂಕಿನಲ್ಲಿ ಇಡೀ ದಿನ ಕೂತು ಕೆಲಸ. ಸೊಂಟ ಹಿಡಿದುಕೊಂಡ ಮೇಲೆ ಮಂಗಳೂರಿನ ಬೆಂದೂರ್‌ವೆಲ್ ಹತ್ತಿರ, ಹೊಟ್ಟೆ-ಬೆನ್ನು ಗಟ್ಟಿಮಾಡುವ ಪಿಲಾಟೆಸ್ ವ್ಯಾಯಾಮದ ಸ್ಟುಡಿಯೊ ಸೇರಿದೆ.

ರಿಫಾರ್ಮರ್ ಅಂದರೆ ಮಂಚದ ಹಾಗಿರುವ ಮೆಷಿನ್ನು. ಜಾರುವ ಹಲಗೆ, ಅದರಡಿ ಸ್ಪ್ರಿಂಗು, ಕೈಕಾಲಿಗೆ ಪಟ್ಟಿ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟೆಸ್ ಇದನ್ನು ರೂಪಿಸಿದ್ದು. ಡಂಬೆಲ್ಲಿನ ತೂಕ ಬದಲಾಗುವುದಿಲ್ಲ. ಸ್ಪ್ರಿಂಗು ಹಾಗಲ್ಲ, ಎಳೆದಷ್ಟೂ ಬಿಗಿಯಾಗುತ್ತದೆ. ವಾಪಸ್ ತರುವಾಗಲೂ ಸುಮ್ನೆ ಬಿಡುವಂತಿಲ್ಲ. ಹಲಗೆ ಸದ್ದು ಮಾಡದೆ ನಿಧಾನಕ್ಕೆ ಬರಬೇಕು. ನನಗೆ ಬೆವರು ಇಳಿದದ್ದೇ ಅಲ್ಲಿ. ಸ್ಪ್ರಿಂಗು ಕಡಿಮೆ ಮಾಡಿದರೆ ಸುಲಭ ಅಂದುಕೊಂಡಿದ್ದೆ. ಕೈಕಾಲೂರಿ ಮೈಯನ್ನು ನೇರವಾಗಿ ಹಿಡಿಯುವ ಪ್ಲಾಂಕ್ ಮಾಡುವಾಗ ಉಲ್ಟಾ! ಓಡಿಹೋಗುವ ಹಲಗೆಯನ್ನು ಹೊಟ್ಟೆಯ ಬಲದಲ್ಲೇ ಹಿಡಿಯಬೇಕು.

ಕ್ಲಾಸಿನಲ್ಲಿ ಆರೇ ಜನ. "ಮೇಡಂ, ಭುಜ ಕೆಳಗೆ, ಉಸಿರು ಬಿಡಿ" ಅಂತ ಟೀಚರ್ ಹತ್ತಿರ ಬಂದು ತಿದ್ದುತ್ತಾರೆ. ಹಳೆಯ ಜಿಮ್ಮಿನಲ್ಲಿ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) ಮಾಡುವಾಗ ನನ್ನ ಬೆನ್ನು ಬಾಗುತ್ತಿದ್ದುದನ್ನು ಯಾರೂ ನೋಡಲಿಲ್ಲ. ಆ ಬೇಸರ ಇನ್ನೂ ಇದೆ.

ಹಾಗಂತ ಭಾರ ಎತ್ತುವುದನ್ನು ಬಿಟ್ಟಿಲ್ಲ. ಮೂಳೆ, ಮಾಂಸಖಂಡ ಗಟ್ಟಿಯಾಗಬೇಕಾದರೆ ತೂಕ ಏರಿಸುತ್ತಾ ಹೋಗಬೇಕು ಅಲ್ವಾ? ಅದಕ್ಕೆ ಜಿಮ್ಮೇ ಸರಿ. ಈಗ ವಾರಕ್ಕೆ ಎರಡು ದಿನ ರಿಫಾರ್ಮರ್, ಎರಡು ದಿನ ಬೇರೊಂದು ಜಿಮ್ಮು. ಸ್ಟುಡಿಯೊ ಫೀಸು ಜಾಸ್ತಿ, ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ. ಆದರೂ ಮುಂದಿನ ಮೂರು ತಿಂಗಳಿಗೂ ಕಟ್ಟಿದ್ದೇನೆ.

ಮೊನ್ನೆ ಕಿನ್ನಿಗೋಳಿಯ ಅಮ್ಮನ ಮನೆಯಲ್ಲಿ ಬಾವಿಯಿಂದ ಹತ್ತು ಕೊಡಪಾನ ನೀರು ಸೇದಿದೆ. ಸೊಂಟ ಹಿಡಿಯಲಿಲ್ಲ.