ಮೈಸೂರಿನಲ್ಲಿ ಫ್ರೆಂಚ್ ಕ್ಲಾಸು: ಮೂರು ವಾರ ದಂಡ, ಒಂದು ಭಾನುವಾರ ಲಾಭ

ಮೊದಲೇ ಹೇಳಿಬಿಡುತ್ತೇನೆ, ಕ್ಲಾಸಿನ ಹೆಸರು ಹಾಕುವುದಿಲ್ಲ. ನಡೆಸುವವರು ನಮ್ಮ ದೊಡ್ಡಪ್ಪನ ಮನೆ ಕಡೆಯಿಂದ ಪರಿಚಯ. ಮುಂದಿನ ಮದುವೆಯಲ್ಲಿ ಪಂಕ್ತಿಗೆ ಎದುರುಬದುರು ಕೂರಬೇಕಾಗುತ್ತದೆ. ಮೈಸೂರಿನಲ್ಲಿ ಶನಿವಾರ ಭಾನುವಾರ ಫ್ರೆಂಚ್ ಹೇಳಿಕೊಡುವ ಮಹಡಿ ಮೇಲಿನ ಒಂದು ಕೋಣೆ ಅಂದುಕೊಳ್ಳಿ, ಸಾಕು.

ನನ್ನದು ಪಾಂಡವಪುರ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ, ಅದಕ್ಕೇ ಹಳೇ ಹೆಸರು ಫ್ರೆಂಚ್ ರಾಕ್ಸ್. ಅಂಥ ಊರಿನವನಿಗೆ ಫ್ರೆಂಚ್ ಬರಲ್ಲ ಅಂದರೆ ಆಫೀಸಿನಲ್ಲಿ ನಗುತ್ತಾರೆ. ನಗುವುದಕ್ಕಷ್ಟೇ ಅಲ್ಲ, ನನ್ನ ಕೆಲಸ ಫ್ರಾನ್ಸಿನ ಗಿರಾಕಿಗಳ ಜೊತೆ, ಮೇಲ್ ಬರೆಯಲೇಬೇಕು. ಹಾಗಾಗಿ ಪ್ರತಿ ವಾರ ಬೆಳಿಗ್ಗೆ ರೈಲು ಹತ್ತಿ, ಶ್ರೀರಂಗಪಟ್ಟಣ, ನಾಗನಹಳ್ಳಿ ದಾಟಿ ಮೈಸೂರಿಗೆ ಬಂದು, ಆಟೋದವನ ಜೊತೆ ಜಗಳ ಆಡಿ ಕ್ಲಾಸಿಗೆ ಹೋಗುತ್ತಿದ್ದೆ. ಎರಡು ಸಲ ನಾನು ರೈಲಿನಲ್ಲಿ ಕೂತ ಮೇಲೆ ‘ಇವತ್ತು ಕ್ಲಾಸ್ ಇಲ್ಲ’ ಅಂತ ವಾಟ್ಸಾಪ್ ಬಂತು. ಒಂದು ಸ್ಟಾರು ಅಲ್ಲೇ ಹೋಯಿತು.

ಕೋಣೆ ಪರವಾಗಿಲ್ಲ. ಫ್ಯಾನ್ ಸದ್ದು ಮಾಡುತ್ತದೆ. ಜೆರಾಕ್ಸ್ ಪ್ರತಿಗಳಿಗೆ ಬೇರೆ ದುಡ್ಡು ತಗೊಳ್ಳುತ್ತಾರೆ, ಅದನ್ನು ಸೇರುವಾಗ ಹೇಳುವುದಿಲ್ಲ. ಇದೆಲ್ಲ ಬಿಡಿ. ನಾನು ಹೇಳಬೇಕಾಗಿರುವುದು ಫ್ಯುತ್ಯುರ್ ಆಂತೇರಿಯರ್ ಪಾಠದ ಬಗ್ಗೆ. ಇಂಗ್ಲಿಷಿನಲ್ಲಿ ಫ್ಯೂಚರ್ ಪರ್ಫೆಕ್ಟ್ ಅನ್ನುತ್ತಾರಲ್ಲ, ಅದು, ಮುಂದೆ ಯಾವುದೋ ಹೊತ್ತಿಗೆ ಕೆಲಸ ಆಗಿ ಮುಗಿದಿರುತ್ತದೆ ಅನ್ನುವ ರೂಪ. ಫ್ರೆಂಚ್ ಕಲಿಕೆಯ ನಡುವಿನ ಹಂತಗಳಾದ ಬಿ1 ದಾಟಿ ಬಿ2 ಕಡೆ ಹೋಗುವ ಹೊತ್ತಿಗೆ ಸಿಕ್ಕೇ ಸಿಗುತ್ತದೆ.

ಮಾಮೂಲಿ ಮೇಷ್ಟ್ರು ಇದಕ್ಕೆ ಮೂರು ವಾರ ತಗೊಂಡರು. ಅವರ ರೀತಿ ಹೀಗೆ: ಮೊದಲು ಇಂಗ್ಲಿಷ್ ವಾಕ್ಯ ಬರೆಯುವುದು, ‘ವಿಲ್ ಹ್ಯಾವ್’ ಕೆಳಗೆ ಗೆರೆ ಎಳೆಯುವುದು, ಆಮೇಲೆ ಆವ್ವಾರ್ (ಹ್ಯಾವ್), ಎತ್ರ್ (ಇರು) ಅನ್ನುವ ಎರಡು ಸಹಾಯಕ ಕ್ರಿಯಾಪದಗಳ ಕೋಷ್ಟಕ ಹಂಚಿ ಬಾಯಿಪಾಠ ಮಾಡಿ ಅನ್ನುವುದು. ನಮ್ಮ ಬ್ಯಾಚಿನಲ್ಲಿ ಅರ್ಧಕ್ಕರ್ಧ ಜನ ಕನ್ನಡ ಮೀಡಿಯಂ. ‘ವಿಲ್ ಹ್ಯಾವ್ ಗಾನ್’ ಅಂದರೆ ನಮಗೆ ಇಂಗ್ಲಿಷಿನಲ್ಲೇ ಸರಿಯಾಗಿ ಇಳಿದಿಲ್ಲ, ಇನ್ನು ಅದನ್ನು ಏಣಿ ಮಾಡಿಕೊಂಡು ಫ್ರೆಂಚ್ ಹತ್ತಿ ಅಂದರೆ ಹೇಗೆ? ಮೂರನೇ ವಾರ ಬೋರ್ಡ್ ಮೇಲೆ ಮೇಷ್ಟ್ರೇ ತಪ್ಪು ಬರೆದರು. ‘ನೀನು ಮುಗಿಸಿದ ಮೇಲೆ ಫೋನ್ ಮಾಡು’ ಅನ್ನುವುದಕ್ಕೆ ‘ಕಾಂ ತ್ಯು ಆ ಫಿನಿ’ ಅಂತ ಶುರು ಮಾಡಿದರು. ಇಂಗ್ಲಿಷಿನಲ್ಲಿ ‘ವೆನ್ ಯು ಹ್ಯಾವ್ ಫಿನಿಶ್ಡ್’ ಅಂತಾರಲ್ಲ, ಅದರ ನೇರ ನಕಲು. ಫ್ರೆಂಚಿನವರು ಇದನ್ನು ಒಪ್ಪುವುದಿಲ್ಲ. ಮುಗಿಸುವುದೂ ಇನ್ನೂ ಆಗಿಲ್ಲ, ಫೋನ್ ಮಾಡುವುದೂ ಇನ್ನೂ ಆಗಿಲ್ಲ, ಹಾಗಾದ್ರೆ ಎರಡೂ ಭವಿಷ್ಯತ್ತಿನಲ್ಲೇ ಇರಬೇಕು, ಮೊದಲು ಆಗುವುದು ಫ್ಯುತ್ಯುರ್ ಆಂತೇರಿಯರ್‌ನಲ್ಲಿ, ಆಮೇಲಿನದು ಸಾದಾ ಭವಿಷ್ಯತ್ತಿನಲ್ಲಿ. ‘ಕಾಂ ತ್ಯು ಓರಾ ಫಿನಿ, ತ್ಯು ಮಾಪೆಲೆರಾ.’ ಇದೇ ಸರಿ. ಆದರೆ ‘ಸಿ’, ಅಂದರೆ ‘ಆದರೆ, ಹೋದರೆ’ ಅರ್ಥದ್ದು ಬಂದರೆ ಈ ಲೆಕ್ಕ ಇಲ್ಲ, ಅಲ್ಲಿ ‘ಸಿ ತ್ಯು ಆ ಫಿನಿ’ ಅಂತಲೇ ಹೇಳಬೇಕು. ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.

ನಾಲ್ಕನೇ ವಾರ ಮೇಷ್ಟ್ರಿಗೆ ಹುಷಾರಿಲ್ಲ ಅಂತ ಬದಲಿಗೆ ಒಬ್ಬರು ಮೇಡಂ ಬಂದರು. ಮಾತು ಕೇಳಿದರೆ ಮಂಡ್ಯದ ಕಡೆಯವರು ಅಂತ ಗೊತ್ತಾಗುತ್ತಿತ್ತು. ಕೋಷ್ಟಕ ಪಕ್ಕಕ್ಕಿಡಿ ಅಂದರು. ಬೋರ್ಡ್ ಮೇಲೆ ‘ಬಂದಿರುತ್ತೇನೆ’ ಅಂತ ಕನ್ನಡದಲ್ಲಿ ಬರೆದು, ನಡುವೆ ಒಂದು ಗೀಟು ಎಳೆದರು. ಬಂದು, ಇರುತ್ತೇನೆ. ಈಗ ನೀನು ಅನ್ನಿ, ಬಂದಿರುತ್ತೀಯ. ಅವರು ಅನ್ನಿ, ಬಂದಿರುತ್ತಾರೆ. ಯಾವುದು ಬದಲಾಯಿತು? ‘ಬಂದು’ ಕಲ್ಲಿನ ಹಾಗೆ ಕೂತಿದೆ, ಮೈಮುರಿದು ಕೆಲಸ ಮಾಡುತ್ತಿರುವುದು ‘ಇರು’. ಫ್ರೆಂಚಿನಲ್ಲೂ ಅಷ್ಟೇ, ಆದರೆ ಮುಂದಿನದು ಹಿಂದೆ ಹಿಂದಿನದು ಮುಂದೆ. ‘ಜ ಸೆರೇ ವೆನ್ಯು.’ ‘ಸೆರೇ’ ಅಂದರೆ ಇರುತ್ತೇನೆ, ‘ವೆನ್ಯು’ ಅಂದರೆ ಬಂದು. ಇಡೀ ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಯಾರೋ ‘ಅಯ್ಯೋ, ಇಷ್ಟೇನಾ?’ ಅಂದರು.

ಇಷ್ಟೇ. ನಿಜವಾಗಿ ಇದು ಅಗ್ಗಕ್ಕೆ ಸಿಗುವ ಕಾಲರೂಪ. ಹೊಸದಾಗಿ ಕಲಿಯಬೇಕಾದ ರೂಪ ಒಂದೂ ಇಲ್ಲ. ಆವ್ವಾರ್, ಎತ್ರ್ ಎರಡರ ಭವಿಷ್ಯತ್ ರೂಪ ಒಟ್ಟು 12, ಅದು ಮೊದಲೇ ಆಗಿರುತ್ತದೆ. ಫಿನಿ, ಪಾರ್ಲೇ, ಪ್ರಿ, ಫೆ ಅನ್ನುವ ಭೂತಕೃದಂತಗಳು (ನಮ್ಮ ‘ಬಂದು’ ಥರದವು) ಪಾಸೇ ಕೊಂಪೋಸೇ ಅನ್ನುವ ಭೂತಕಾಲ ಕಲಿಯುವಾಗಲೇ ಬಂದಿರುತ್ತವೆ. ಆ 12 ಕೂಡ ಕಿವಿಗೆ ಬೀಳುವುದು ಆರೇ. ‘ನೂಸ್ ಓರೊಂ’, ‘ಇಲ್ಸ್ ಓರೊಂ’, ಬರೆಯುವಾಗ ಬಾಲ ಬೇರೆ, ಕೇಳುವಾಗ ಒಂದೇ. ಓರೇ, ಓರಾ, ಓರೊಂ, ಅಲ್ಲಿಗೆ ಆವ್ವಾರ್ ಮುಗೀತು. ಸೆರೇ, ಸೆರಾ, ಸೆರೊಂ, ಎತ್ರ್ ಕೂಡ ಮುಗೀತು. ಇದಕ್ಕೆ ಮೂರು ವಾರ! (ಕನ್ನಡ ಲಿಪಿಯಲ್ಲಿ ಫ್ರೆಂಚ್ ಉಚ್ಚಾರಣೆ ಪೂರ್ತಿ ಬರುವುದಿಲ್ಲ, ಗೊತ್ತಿರುವವರು ಅನುಸರಿಸಿಕೊಳ್ಳಿ.)

ಇನ್ನೊಂದು ಮಜಾ ಇದೆ. ಮೇಡಂ ಕೇಳಿದರು, ಇವತ್ತು ಗೈರುಹಾಜರಾದ ಹುಡುಗ ಯಾಕೆ ಬಂದಿಲ್ಲ? ಯಾರೋ ಅಂದರು, ‘ರೈಲು ತಪ್ಪಿಸಿಕೊಂಡಿರುತ್ತಾನೆ ಬಿಡಿ.’ ಹಿಡಿದುಕೊಂಡರು ಅಲ್ಲೇ. ಅವನು ರೈಲು ತಪ್ಪಿಸಿಕೊಳ್ಳುವುದು ನಾಳೆಯ ವಿಷಯವಾ? ಅಲ್ಲ, ಆಗಿಹೋದದ್ದು, ನಾವು ಊಹೆ ಮಾಡುತ್ತಿದ್ದೇವೆ. ಆದರೂ ಬಾಯಲ್ಲಿ ಬಂದದ್ದು ‘ಇರುತ್ತಾನೆ’. ಫ್ರೆಂಚಿನವರೂ ಇದೇ ಕಾಲವನ್ನು ಊಹೆಗೆ ಬಳಸುತ್ತಾರೆ. ‘ಇಲ್ ಓರಾ ಉಬ್ಲಿಯೇ’, ಮರೆತಿರುತ್ತಾನೆ. ನಮ್ಮಮ್ಮ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು, ಅಲ್ವಾ?

ಆದರೆ ಕನ್ನಡ ಎಲ್ಲಾ ಕಡೆ ಕೈ ಹಿಡಿಯುವುದಿಲ್ಲ. ನಮ್ಮಲ್ಲಿ ಸಹಾಯಕ್ಕೆ ‘ಇರು’ ಒಂದೇ, ಅವರಲ್ಲಿ ಎರಡು. ಹೋಗು, ಬಾ, ಹೊರಡು, ತಲುಪು, ಹುಟ್ಟು, ಸಾಯಿ, ಬೀಳು, ಈ ಥರದ ಕೆಲವಕ್ಕೆ ಎತ್ರ್. ಏಳು, ಸ್ನಾನ ಮಾಡಿಕೋ ಥರ ‘ಸ’ ಹಚ್ಚಿಕೊಂಡು ಬರುವ ಕ್ರಿಯಾಪದಗಳಿಗೂ ಎತ್ರ್. ಮಿಕ್ಕ ಬಹುಪಾಲು ಆವ್ವಾರ್. ಇದರಲ್ಲಿ ಕೆಲವು ಎರಡೂ ದೋಣಿಯಲ್ಲಿ ಕಾಲಿಡುತ್ತವೆ. ‘ದೆಸಾಂದ್ರ್’ ಅಂದರೆ ಇಳಿ. ನಾನೇ ಇಳಿದರೆ ‘ಜ ಸೆರೇ ದೆಸಾಂದ್ಯು’, ಇಳಿದಿರುತ್ತೇನೆ. ಸೂಟ್‌ಕೇಸ್ ಕೆಳಗೆ ತಂದರೆ ‘ಜೋರೇ ದೆಸಾಂದ್ಯು ಲಾ ವಾಲೀಜ್’, ಇಳಿಸಿರುತ್ತೇನೆ. ಇಳಿಗೆ ಎತ್ರ್, ಇಳಿಸುಗೆ ಆವ್ವಾರ್. ಹತ್ತುಗೆ ಎತ್ರ್, ಹತ್ತಿಸುಗೆ ಆವ್ವಾರ್. ಇದು ಮೇಡಂ ಹೇಳಿದ್ದಲ್ಲ, ವಾಪಸ್ ಬರುವಾಗ ಶ್ರೀರಂಗಪಟ್ಟಣ ಸ್ಟೇಷನ್‌ನಲ್ಲಿ ಒಬ್ಬರ ಮೂಟೆ ಇಳಿಸಿಕೊಡುವಾಗ ನನಗೇ ಹೊಳೆದದ್ದು, ಸ್ವಲ್ಪ ಜಂಬ ಪಡುತ್ತೇನೆ. ಮೆಟ್ಟಿಲು ಇಳಿಯುವಾಗ ಮಾತ್ರ ಈ ಸೂತ್ರ ಕೈಕೊಡುತ್ತದೆ. ಅಲ್ಲಿ ಮೆಟ್ಟಿಲು ಕರ್ಮ ಆಗುತ್ತದೆ, ಅದಕ್ಕೆ ಆವ್ವಾರ್.

ಗಂಡು ಹೆಣ್ಣಿನ ವಿಷಯದಲ್ಲಂತೂ ಪೂರ್ತಿ ತಲೆಕೆಳಗು. ನಾವು ಹೊರಟಿರುತ್ತಾನೆ, ಹೊರಟಿರುತ್ತಾಳೆ ಅನ್ನುವಾಗ ‘ಇರು’ ಬದಲಾಗುತ್ತದೆ, ‘ಹೊರಟು’ ಬದಲಾಗುವುದಿಲ್ಲ. ಅವರಲ್ಲಿ ‘ಸೆರಾ’ ಇಬ್ಬರಿಗೂ ಒಂದೇ, ‘ಪಾರ್ತಿ’ ಕೊನೆಗೆ ಹೆಂಗಸಾದರೆ ಒಂದು ಇ ಸೇರುತ್ತದೆ, ತುಂಬ ಹೆಂಗಸರಾದರೆ ಎಸ್ ಕೂಡ. ಅದು ಕೇಳಿಸುವುದೂ ಇಲ್ಲ! ಮಾತಾಡುವಾಗ ಬಚಾವು, ಬರೆಯುವಾಗ ಅಂಕ ಹೋಗುತ್ತದೆ. ಫ್ರೆಂಚ್ ಭಾಷಾ ಪರೀಕ್ಷೆ ದೆಲ್ಫ್‌ನ ಬಿ1 ಹಂತದಲ್ಲಿ ಬರವಣಿಗೆಗೆ 25 ಅಂಕ, ಒಟ್ಟು 100ಕ್ಕೆ 50 ಬಂದರೆ ಪಾಸು, ಆದರೆ ನಾಲ್ಕು ಭಾಗದಲ್ಲಿ ಒಂದೊಂದರಲ್ಲೂ ಕನಿಷ್ಠ 5 ಬೇಕು. ಈ ಇ, ಎಸ್‌ಗಳನ್ನು ಅಭ್ಯಾಸ ಮಾಡಿಸಲು ಕ್ಲಾಸಿನಲ್ಲಿ ಒಂದೇ ಒಂದು ಬರವಣಿಗೆ ಟೆಸ್ಟ್ ಇಟ್ಟಿಲ್ಲ. ನನ್ನ ದೊಡ್ಡ ದೂರು ಇದೇ.

ಒಂದು ಎಸ್ ಎಷ್ಟು ದುಬಾರಿ ಅಂತ ಆಫೀಸಿನಲ್ಲಿ ಗೊತ್ತಾಯಿತು. ‘ಮಧ್ಯಾಹ್ನದೊಳಗೆ ಫೈಲ್ ಕಳಿಸಿರುತ್ತೇನೆ’ ಅಂತ ಬರೆಯಲು ಹೋಗಿ ‘ಓರೇ’ ಕೊನೆಗೆ ಅಭ್ಯಾಸಬಲದಿಂದ ಒಂದು ಎಸ್ ಒತ್ತಿಬಿಟ್ಟೆ. ಅದು ‘ಕಳಿಸಿರುತ್ತಿದ್ದೆ’ ಆಯಿತು. ಆ ಕಡೆಯಿಂದ ಉತ್ತರ ಬಂತು, ಹಾಗಾದರೆ ಯಾಕೆ ಕಳಿಸಲಿಲ್ಲ? ನಾನಿನ್ನೂ ಫೈಲ್ ತೆರೆದೇ ಇರಲಿಲ್ಲ.

ಸರಿ, ಸೇರಬೇಕಾ ಬೇಡವಾ ಅಂತ ಕೇಳುತ್ತೀರಿ. ಮಾಮೂಲಿ ಮೇಷ್ಟ್ರ ಬ್ಯಾಚಾದರೆ ಬೇಡ, ಆ ದುಡ್ಡಿನಲ್ಲಿ ಒಂದು ಒಳ್ಳೆಯ ವ್ಯಾಕರಣ ಪುಸ್ತಕ ತಗೊಂಡು ಮನೆಯಲ್ಲಿ ಕೂತರೆ ಇದಕ್ಕಿಂತ ಜಾಸ್ತಿ ಬರುತ್ತದೆ. ಬೆಂಗಳೂರಿಗೆ ವಾರ ವಾರ ಓಡಾಡಲು ಆಗುವವರು ಅಲ್ಲಿ ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೇಸ್ ನೋಡಿ. ಆಗದವರು ಯಾವ ಕ್ಲಾಸಿಗೆ ಹೋದರೂ ಡೆಮೊ ದಿನ ಒಂದು ಪ್ರಶ್ನೆ ಕೇಳಿ: ‘ನಾನು ಸ್ಟೇಷನ್‌ಗೆ ಬರುವಷ್ಟರಲ್ಲಿ ರೈಲು ಹೊರಟಿರುತ್ತದೆ’ ಫ್ರೆಂಚಿನಲ್ಲಿ ಹೇಗೆ ಹೇಳುವುದು? ‘ಲ ತ್ರ್ಯಾಂ ಸೆರಾ ಪಾರ್ತಿ’ ಅಂತ ಬಂದರೆ ಸಾಲದು, ಆವ್ವಾರ್ ಬಿಟ್ಟು ಎತ್ರ್ ಯಾಕೆ ಅಂತ ಕೋಷ್ಟಕ ತೋರಿಸದೆ ಹೇಳಬೇಕು.

ಆ ಮೇಡಂ ಬಂದರೆ ನಾನು ಮುಂದಿನ ಬ್ಯಾಚಿಗೂ ಸೇರುತ್ತೇನೆ. ಹೋದ ವಾರ ಆಫೀಸ್ ರೂಮಿನಲ್ಲಿ ವಿಚಾರಿಸಿದೆ. ‘ನೋಡೋಣ ಸಾರ್, ಹೇಳಿದ್ದೀವಿ’ ಅಂದರು. ಅರ್ಧ ಫೀಸು ಕೊಟ್ಟಿದ್ದೇನೆ. ಉಳಿದರ್ಧ ಮೇಡಂ ಬಂದು ಒಂದು ಕ್ಲಾಸ್ ಮುಗಿಸಿದ ಮೇಲೆ ಅಂತ ಹೇಳಿ ಬಂದಿದ್ದೇನೆ.