ಅಲಾಸ್ಕಾ ಕ್ರೂಸ್ ಬುಕ್ ಮಾಡುವ ಮುಂಚೆ ಅಪ್ಪ ಅಮ್ಮನ ಪಾಸ್‌ಪೋರ್ಟ್ ತೆಗೆದು ನೋಡಿ

ಕಳೆದ ಜುಲೈನಲ್ಲಿ ಸಿಯಾಟಲ್ ಬಂದರಿನ ಚೆಕ್-ಇನ್ ಕೌಂಟರ್‌ನಿಂದ ನನ್ನ ಅಪ್ಪ ಅಮ್ಮನನ್ನು ವಾಪಸ್ ಕಳಿಸಿದರು. ಹಡಗು ಕಣ್ಣೆದುರೇ ನಿಂತಿತ್ತು. ಐದು ಜನರ ಹಣ ಪೂರ್ತಿ ಕಟ್ಟಿ ನಾಲ್ಕು ತಿಂಗಳಾಗಿತ್ತು. ಬ್ಯಾಗುಗಳು ಆಗಲೇ ಹಡಗಿನ ಒಳಗೆ ಹೋಗಿದ್ದವು. ಇಲ್ಲದಿದ್ದದ್ದು ಒಂದೇ. ಅವರಿಬ್ಬರ ಪಾಸ್‌ಪೋರ್ಟ್‌ನಲ್ಲಿ ಕೆನಡಾ ವೀಸಾ.

ಸಿಯಾಟಲ್ ಅಮೆರಿಕದಲ್ಲಿದೆ, ಅಲಾಸ್ಕಾನೂ ಅಮೆರಿಕದ್ದೇ, ಮಧ್ಯೆ ಕೆನಡಾ ವೀಸಾ ಎಲ್ಲಿಂದ ಬಂತು ಅಂತ ಅನ್ನಿಸಿತಾ? ಹಾಗಾದರೆ ಇದನ್ನು ದಯವಿಟ್ಟು ಪೂರ್ತಿ ಓದಿ. ನಮಗೂ ಹಾಗೇ ಅನ್ನಿಸಿತ್ತು. ಬೇಸಿಗೆಗೆ ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡು ಅಲಾಸ್ಕಾ ತೋರಿಸಬೇಕು ಅಂತ ಅಮೆರಿಕದಲ್ಲಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಪ್ರತಿವರ್ಷ ಮಾತಾಗುತ್ತದೆ. ಅವರಲ್ಲಿ ಒಬ್ಬರಿಗಾದರೂ ನಮಗಾದದ್ದು ಆಗದಿರಲಿ ಅಂತಲೇ ಬರೆಯುತ್ತಿದ್ದೇನೆ.

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ನನಗೂ ನನ್ನ ಗಂಡನಿಗೂ ಗ್ರೀನ್ ಕಾರ್ಡ್ ಇದೆ. ಮಗಳು ಇಲ್ಲೇ ಹುಟ್ಟಿದವಳು. ಅಪ್ಪ ಅಮ್ಮ ಹಾಸನದಿಂದ ಹತ್ತು ವರ್ಷದ ಪ್ರವಾಸಿ ವೀಸಾದ ಮೇಲೆ ಬಂದಿದ್ದರು. ಅಪ್ಪನಿಗೆ ಹಿಮನದಿ ನೋಡುವ ಆಸೆ ಬಹಳ ವರ್ಷದ್ದು. ಎಪ್ಪತ್ತು ದಾಟಿದ ಮೇಲೆ ಬಸ್ಸು, ಹೋಟೆಲು, ಮತ್ತೆ ಬಸ್ಸು ಅಂತ ಓಡಾಡುವುದು ಕಷ್ಟ. ಹಡಗಾದರೆ ಒಂದೇ ರೂಮು, ಒಂದೇ ಹಾಸಿಗೆ, ಊಟ ಅಲ್ಲೇ. ಹಾಗಾಗಿ ಏಳು ರಾತ್ರಿಯ ಪ್ರವಾಸ, ಎರಡು ಕ್ಯಾಬಿನ್ ಬುಕ್ ಮಾಡಿದೆವು. ಸಿಯಾಟಲ್‌ನಿಂದ ಹೊರಟು ಅಲಾಸ್ಕಾದ ಕೆಚಿಕನ್, ಜೂನೋ, ಸ್ಕ್ಯಾಗ್‌ವೇ ನೋಡಿಕೊಂಡು ಸಿಯಾಟಲ್‌ಗೇ ವಾಪಸ್.

ವೇಳಾಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು. ಕೊನೆಯ ದಿನ ಸಂಜೆ, ವಿಕ್ಟೋರಿಯಾ, ಬ್ರಿಟಿಷ್ ಕೊಲಂಬಿಯಾ, ಅಂದರೆ ಕೆನಡಾ. ರಾತ್ರಿ ಎಂಟರಿಂದ ಹನ್ನೆರಡರವರೆಗೆ, ಬರೀ ನಾಲ್ಕು ಗಂಟೆ. ಅದನ್ನು ನಾನು ಓದಿದ್ದೆ. ಅಲ್ಲಿ ಹೂದೋಟ ಚೆನ್ನಾಗಿದೆಯಂತೆ ಅಂತ ಅಮ್ಮನಿಗೂ ಹೇಳಿದ್ದೆ. ಆ ನಾಲ್ಕು ಗಂಟೆಗೆ ಇನ್ನೊಂದು ದೇಶದ ವೀಸಾ ಬೇಕು ಅಂತ ಮಾತ್ರ ತಲೆಗೆ ಹೋಗಲೇ ಇಲ್ಲ.

ಯಾಕೆ ಹೋಗಲಿಲ್ಲ ಅಂತ ಹೇಳುತ್ತೇನೆ, ಏಕೆಂದರೆ ನೀವೂ ಇದೇ ದಾರಿಯಲ್ಲಿ ತಪ್ಪಬಹುದು. ಹಿಂದಿನ ವರ್ಷ ನಮ್ಮ ಸ್ನೇಹಿತರು ತಮ್ಮ ತಂದೆ ತಾಯಿಯನ್ನು ಲಾಸ್ ಏಂಜಲಿಸ್‌ನಿಂದ ಮೆಕ್ಸಿಕೊದ ಎನ್ಸೆನಾಡಾಕ್ಕೆ ಹಡಗಿನಲ್ಲಿ ಕರೆದುಕೊಂಡು ಹೋಗಿದ್ದರು. ಯಾವ ತೊಂದರೆಯೂ ಆಗಲಿಲ್ಲ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಭಾರತೀಯರನ್ನು ಮೆಕ್ಸಿಕೊ ಬೇರೆ ವೀಸಾ ಇಲ್ಲದೆ ಬಿಟ್ಟುಕೊಳ್ಳುತ್ತದೆ. ಕೆನಡಾನೂ ಹಾಗೇ ಇರಬೇಕು ಅಂದುಕೊಂಡೆವು. ಹಾಗಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕದ ವೀಸಾ ಎಷ್ಟೇ ವರ್ಷದ್ದಿರಲಿ, ಕೆನಡಾಕ್ಕೆ ಪ್ರತ್ಯೇಕ ವೀಸಾ ಬೇಕೇ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಬೇಡ, ಕಾರ್ಡಿನ ಜೊತೆ ಚಾಲ್ತಿ ಪಾಸ್‌ಪೋರ್ಟ್ ಇದ್ದರೆ ಸಾಕು. ಕೆಲಸದ ವೀಸಾ ಎಚ್-1ಬಿ, ಅವರ ಮನೆಯವರ ಎಚ್-4, ಓದಲು ಬಂದವರ ಎಫ್-1ನಲ್ಲಿರುವವರಿಗೂ ಕೆನಡಾ ವೀಸಾ ಬೇಕು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಇಲ್ಲಿ ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದರೂ ನಿಮ್ಮ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ ಅಲ್ವಾ?

ಎರಡನೆಯದು, ನಾವು ಏಜೆಂಟ್ ಮೂಲಕ ಬುಕ್ ಮಾಡಿದ್ದೆವು. ಫೋನಿನಲ್ಲಿ ನಾನೇ ಕೇಳಿದ್ದೆ, ದಾಖಲೆ ಏನೇನು ಬೇಕು ಅಂತ. "ಇದು ಕ್ಲೋಸ್ಡ್ ಲೂಪ್ ಕ್ರೂಸ್, ಹೊರಟ ಬಂದರಿಗೇ ವಾಪಸ್ ಬರುತ್ತದೆ, ಹೆಚ್ಚಿಗೆ ಏನೂ ಬೇಡ" ಅಂದರು. ಅಮೆರಿಕದ ಪ್ರಜೆಗಳಿಗೆ ಅದು ನಿಜ. ಇಂಥ ಪ್ರವಾಸಕ್ಕೆ ಅವರು ಜನನ ಪ್ರಮಾಣಪತ್ರ ಮತ್ತು ಫೋಟೋ ಇರುವ ಗುರುತಿನ ಚೀಟಿ ಇಟ್ಟುಕೊಂಡೂ ಹೋಗಬಹುದು. ಏಜೆಂಟ್ ದಿನಾ ನೋಡುವುದು ಅಂಥವರನ್ನೇ. ನಮ್ಮಲ್ಲಿ ಇಬ್ಬರು ಭಾರತದಿಂದ ಪ್ರವಾಸಿ ವೀಸಾದಲ್ಲಿ ಬಂದವರು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೂರನೆಯದು, ಆನ್‌ಲೈನ್ ಚೆಕ್-ಇನ್. ಪಾಸ್‌ಪೋರ್ಟ್ ನಂಬರ್ ಹಾಕಿದೆ, ಫೋಟೋ ಹಾಕಿದೆ, ಐದೂ ಜನರಿಗೆ ಬೋರ್ಡಿಂಗ್ ಪಾಸ್ ಬಂತು. ಪಾಸ್ ಬಂತು ಅಂದರೆ ಎಲ್ಲ ಸರಿಯಾಗಿದೆ ಅಂತಲೇ ಯಾರಾದರೂ ತಿಳಿಯುವುದು. ಆದರೆ ಆ ಪುಟ ವೀಸಾ ಬಗ್ಗೆ ಕೇಳಿರಲೇ ಇಲ್ಲ. ಟಿಕೆಟ್ ಒಪ್ಪಂದದಲ್ಲಿ ಒಂದು ಸಾಲು ಇತ್ತು, ಬೇಕಾದ ವೀಸಾಗಳ ಜವಾಬ್ದಾರಿ ಪ್ರಯಾಣಿಕರದ್ದು ಅಂತ. ಅದನ್ನು ಓದಿದ್ದು ಆಮೇಲೆ.

ಆ ದಿನದ ವಿಷಯಕ್ಕೆ ಬರುತ್ತೇನೆ. ಬಂದರಿನ ಬಾಗಿಲಲ್ಲೇ ಕೂಲಿಗಳು ದೊಡ್ಡ ಬ್ಯಾಗುಗಳಿಗೆ ಕ್ಯಾಬಿನ್ ನಂಬರಿನ ಚೀಟಿ ಕಟ್ಟಿ ತೆಗೆದುಕೊಂಡು ಹೋದರು. ಕೌಂಟರ್‌ನಲ್ಲಿ ನಮ್ಮ ಮೂವರದ್ದು ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಆ ಹುಡುಗಿ ಅಮ್ಮನ ಪಾಸ್‌ಪೋರ್ಟ್ ತೆಗೆದುಕೊಂಡಳು. ಅಮೆರಿಕದ ವೀಸಾ ಇರುವ ಪುಟಕ್ಕೆ ಹೆಬ್ಬೆರಳು ಇಟ್ಟುಕೊಂಡು ಮುಂದಿನ ಪುಟ ತಿರುಗಿಸಿದಳು. ಮುಂದಿನದು, ಅದರ ಮುಂದಿನದು. ಕೊನೆ ಮುಟ್ಟಿ ಮತ್ತೆ ಹಿಂದಿನಿಂದ ತಿರುಗಿಸಿದಳು. ಖಾಲಿ ಪುಟಗಳನ್ನು ಅಷ್ಟು ನಿಧಾನವಾಗಿ ಯಾರಾದರೂ ನೋಡಿದ್ದನ್ನು ನಾನು ಕಂಡಿರಲಿಲ್ಲ. ಅಮ್ಮ ನನ್ನ ಕಡೆ ನೋಡಿ, "ಏನಂತೆ, ಫೋಟೋ ಸರಿ ಇಲ್ವಂತಾ?" ಅಂದರು.

ಮೇಲ್ವಿಚಾರಕರು ಬಂದರು. ಮರ್ಯಾದೆಯಾಗಿಯೇ ಮಾತಾಡಿದರು. ವಿಕ್ಟೋರಿಯಾದಲ್ಲಿ ಇವರು ಹಡಗಿನಿಂದ ಇಳಿಯುವುದೇ ಇಲ್ಲ, ಕ್ಯಾಬಿನ್‌ನಲ್ಲೇ ಇರುತ್ತಾರೆ ಅಂದೆವು. ಆಗಲ್ಲ ಅಂದರು. ಹಡಗು ಕೆನಡಾದ ಬಂದರು ಮುಟ್ಟುತ್ತದೆ ಅಂದಮೇಲೆ, ಇಳಿಯಲಿ ಬಿಡಲಿ, ವೀಸಾ ಇಲ್ಲದವರನ್ನು ಹತ್ತಿಸಿಕೊಳ್ಳುವ ಹಾಗಿಲ್ಲವಂತೆ. ಅಪ್ಪನಿಗೆ ಇನ್ನೊಂದು ಉಪಾಯ ಹೊಳೆಯಿತು. "ನಾವಿಬ್ಬರೂ ಕೆಚಿಕನ್‌ನಲ್ಲೇ ಇಳಿದು ವಿಮಾನದಲ್ಲಿ ವಾಪಸ್ ಬರುತ್ತೇವೆ, ಅದು ಅಮೆರಿಕವೇ ತಾನೆ?" ಒಳ್ಳೆಯ ಪ್ರಶ್ನೆ. ಅದಕ್ಕೂ ಇಲ್ಲ ಅಂದರು.

ಯಾಕೆ ಅಂತ ನನಗೆ ಅವತ್ತು ಅರ್ಥವಾಗಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ 1886ರ ಒಂದು ಕಾನೂನು ಇದೆ, ಪ್ಯಾಸೆಂಜರ್ ವೆಸೆಲ್ ಸರ್ವಿಸಸ್ ಆ್ಯಕ್ಟ್ ಅಂತ. ವಿದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಪ್ರಯಾಣಿಕರನ್ನು ಸಾಗಿಸುವ ಹಾಗಿಲ್ಲ. ಅಲಾಸ್ಕಾಕ್ಕೆ ಹೋಗುವ ದೊಡ್ಡ ಕ್ರೂಸ್ ಹಡಗುಗಳ ನೋಂದಣಿ ಎಲ್ಲ ಬಹಾಮಾಸ್, ಪನಾಮ, ನೆದರ್‌ಲ್ಯಾಂಡ್ಸ್ ಅಂಥ ಕಡೆ. ಸಿಯಾಟಲ್‌ನಲ್ಲಿ ಹತ್ತಿ ಕೆಚಿಕನ್‌ನಲ್ಲಿ ಇಳಿದರೆ ಆ ಕಾನೂನು ಮುರಿದ ಹಾಗೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗು ಕೂಡ ಮಧ್ಯೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ಆ ರಾತ್ರಿಯ ನಾಲ್ಕು ಗಂಟೆಯ ವಿಕ್ಟೋರಿಯಾ ಇರುವುದು ಇದಕ್ಕೇ. 2021ರಲ್ಲಿ ಕೋವಿಡ್‌ನಿಂದ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ, ಅಲಾಸ್ಕಾ ಹಡಗುಗಳು ಓಡಲಿ ಅಂತ ಅಮೆರಿಕದ ಸಂಸತ್ತೇ ಬೇರೆ ಕಾನೂನು ತಂದು ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಅಂದರೆ ಕಂಪನಿ ಬದಲಾಯಿಸಿದರೆ ಇದರಿಂದ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ. ಸಿಯಾಟಲ್ ಇರಲಿ, ಸ್ಯಾನ್ ಫ್ರಾನ್ಸಿಸ್ಕೊ ಇರಲಿ, ಅಲಾಸ್ಕಾಕ್ಕೆ ಹೋಗಿ ಬರುವ ಯಾವ ದೊಡ್ಡ ಹಡಗಾದರೂ ಎಲ್ಲೋ ಒಂದು ಕಡೆ ಕೆನಡಾ ಮುಟ್ಟುತ್ತದೆ. ಕೆನಡಾದ್ದೇ ಊರಾದ ವ್ಯಾಂಕೂವರ್‌ನಿಂದ ಹೊರಡುವುದಾದರೆ ಕೇಳುವುದೇ ಬೇಡ.

"ನೀವು ಮೂವರು ಹೋಗಿ ಬನ್ನಿ, ನಾವು ಹೋಟೆಲ್‌ನಲ್ಲಿ ಇರುತ್ತೇವೆ" ಅಂದರು ಅಪ್ಪ. ಹೇಗೆ ಹೋಗುವುದು? ಐದೂ ಜನ ಹೊರಗೆ ಬಂದೆವು. ಹೊರಗೆ ಬಂದಮೇಲೆ ಗೊತ್ತಾಯಿತು, ಅಮ್ಮನ ಬಿಪಿ ಮಾತ್ರೆ, ಅಪ್ಪನ ಸಕ್ಕರೆ ಮಾತ್ರೆ ಎರಡೂ ಒಳಗೆ ಹೋದ ಬ್ಯಾಗಿನಲ್ಲಿವೆ. ಸಾವಿರಾರು ಬ್ಯಾಗುಗಳ ಮಧ್ಯೆ ನಮ್ಮದನ್ನು ಹುಡುಕಿ ಹೊರಗೆ ತರಲು ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಪ್ಪ ಬಿಸಿಲಲ್ಲಿ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದರು, ಹೊಸ ಉಣ್ಣೆ ಟೋಪಿ ಕೈಯಲ್ಲಿ ಹಿಡಿದುಕೊಂಡು. ಆ ಟೋಪಿ ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟ. ಎಲ್ಲಿಗೇ ಹೋಗಿ, ಯಾವ ಹಡಗೇ ಇರಲಿ, ಮಾತ್ರೆ, ಪಾಸ್‌ಪೋರ್ಟ್, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಎಲ್ಲ ಸರಿಯಾಗಿ ಹತ್ತಿದರೂ ಬ್ಯಾಗು ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಗೇ.

ಹಣದ ಮಾತು. ನಾವು ಕಟ್ಟಿದ್ದು ಒಟ್ಟು 7,200 ಡಾಲರ್. ವಾಪಸ್ ಬಂದದ್ದು ಬಂದರಿನ ತೆರಿಗೆ, ಶುಲ್ಕ, ಮುಂಗಡವಾಗಿ ಕಟ್ಟಿದ್ದ ಟಿಪ್ಸ್ ಇಷ್ಟೇ, 2,000ಕ್ಕೂ ಕಡಿಮೆ. ಹೊರಡುವ ದಿನ ಹತ್ತದಿದ್ದರೆ ಟಿಕೆಟ್ ಹಣ ಪೂರ್ತಿ ಹೋದಂತೆಯೇ. ಸಾಮಾನ್ಯವಾಗಿ ಕೊನೆಯ ಕಂತು ಕಟ್ಟುವುದು ಹಡಗು ಹೊರಡುವ ಸುಮಾರು ಮೂರು ತಿಂಗಳ ಮುಂಚೆ. ಆ ದಿನದವರೆಗೆ ರದ್ದು ಮಾಡಿದರೆ ಹೆಚ್ಚು ನಷ್ಟವಿಲ್ಲ, ಕೆಲವು ಅಗ್ಗದ ದರದ ಟಿಕೆಟ್‌ಗಳಲ್ಲಿ ಮಾತ್ರ ಮುಂಗಡ ವಾಪಸ್ ಬರುವುದಿಲ್ಲ. ಆಮೇಲೆ ಒಂದೊಂದು ವಾರಕ್ಕೂ ಕಡಿತ ಜಾಸ್ತಿಯಾಗುತ್ತಾ ಹೋಗುತ್ತದೆ. ಹಾಗಾಗಿ ಆ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಕೆಂಪಾಗಿ ಬರೆದುಕೊಳ್ಳಿ. ಅಷ್ಟರೊಳಗೆ ಎಲ್ಲರ ವೀಸಾ ಕೈಗೆ ಬಂದಿರದಿದ್ದರೆ ಬಿಟ್ಟುಬಿಡಿ. "ಬರುತ್ತೆ ಬಿಡು" ಅಂತ ಕಟ್ಟಬೇಡಿ.

ಪ್ರವಾಸ ವಿಮೆ ಇತ್ತು. ಅದರಿಂದ ಒಂದು ಡಾಲರೂ ಬರಲಿಲ್ಲ. ಕಾಯಿಲೆ, ಅಪಘಾತ, ವಿಮಾನ ರದ್ದು ಅಂಥದ್ದಕ್ಕೆ ವಿಮೆ ಇರುವುದು. ದಾಖಲೆ ಇಲ್ಲದೆ ಹತ್ತಲಾಗದಿದ್ದರೆ ಅದು ನಮ್ಮ ತಪ್ಪಿನ ಲೆಕ್ಕ. ವಿಮೆಯ ಬಗ್ಗೆ ಇನ್ನೊಂದು ಮಾತು. ಊರಿನಿಂದ ಬಂದವರಿಗೆ ಮಾಡಿಸುವ ಸಂದರ್ಶಕರ ವಿಮೆ ಹಡಗಿನ ಮೇಲಿನ ಆಸ್ಪತ್ರೆಗೆ, ಹೆಲಿಕಾಪ್ಟರ್‌ನಲ್ಲಿ ದಡಕ್ಕೆ ಸಾಗಿಸುವುದಕ್ಕೆ ಅನ್ವಯವಾಗುತ್ತದಾ ಅಂತ ಬರಹದಲ್ಲಿ ಕೇಳಿ. ಹಡಗಿನ ಡಾಕ್ಟರ್ ಶುಲ್ಕ ನಿಮ್ಮ ಕ್ಯಾಬಿನ್ ಲೆಕ್ಕಕ್ಕೇ ಬರುತ್ತದೆ. ಸಮುದ್ರದ ಮಧ್ಯದಿಂದ ರೋಗಿಯನ್ನು ಸಾಗಿಸುವ ಖರ್ಚು ಹತ್ತಾರು ಸಾವಿರ ಡಾಲರ್ ಮುಟ್ಟಬಹುದು.

ಕೆನಡಾ ವೀಸಾ ಮಾಡಿಸುವುದು ದೊಡ್ಡ ಕಷ್ಟವೇನಲ್ಲ. ಅರ್ಜಿ ಆನ್‌ಲೈನ್. ಶುಲ್ಕ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಬೇಕಾಗಿರುವುದು ಸಮಯ. ಊರಿನಲ್ಲಿರುವಾಗಲೇ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮುಗಿಸಿಕೊಂಡು ಬರುವುದು ಎಲ್ಲಕ್ಕಿಂತ ಸುಲಭ. ಅಮೆರಿಕಕ್ಕೆ ಬಂದಮೇಲೂ ಅರ್ಜಿ ಹಾಕಬಹುದು, ಆದರೆ ಸ್ಟ್ಯಾಂಪ್ ಹಾಕಿಸಲು ಪಾಸ್‌ಪೋರ್ಟ್ ಕಳಿಸಬೇಕು, ಅದು ವಾಪಸ್ ಬರುವವರೆಗೆ ಎಲ್ಲೂ ಹೋಗುವಂತಿಲ್ಲ. ಅಮೆರಿಕದ ವೀಸಾ ಮಲ್ಟಿಪಲ್ ಎಂಟ್ರಿಯೇ, ಅಂದರೆ ಹಲವು ಸಲ ಒಳಗೆ ಬರಲು ಬಿಡುವಂಥದ್ದೇ ಅಂತಲೂ ನೋಡಿಕೊಳ್ಳಿ, ಏಕೆಂದರೆ ವಿಕ್ಟೋರಿಯಾದಿಂದ ಸಿಯಾಟಲ್‌ಗೆ ಬರುವುದು ಅಂದರೆ ಅಮೆರಿಕದೊಳಗೆ ಮತ್ತೆ ಬರುವುದು. ಪಾಸ್‌ಪೋರ್ಟ್‌ನಲ್ಲಿರುವ ಎಚ್-1ಬಿ ಸ್ಟ್ಯಾಂಪ್‌ನ ಅವಧಿ ಮುಗಿದುಹೋಗಿರುವವರು ಯಾರ ಮಾತನ್ನೂ ಸುಮ್ನೆ ನಂಬಬೇಡಿ, ಮೊದಲು ಕಂಪನಿಯ ವಕೀಲರನ್ನು ಕೇಳಿ.

ಇದು ಅಲಾಸ್ಕಾಕ್ಕೆ ಮಾತ್ರ ಅಲ್ಲ. ಅಥೆನ್ಸ್ ಹತ್ತಿರದ ಪಿರೆಯಸ್‌ನಿಂದ ಹೊರಟ ಹಡಗು ಟರ್ಕಿಯ ಕುಶಾದಾಸಿಗೆ ಹೋಗಿ ಗ್ರೀಸ್‌ಗೆ ವಾಪಸ್ ಬಂದರೆ, ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಷೆಂಗೆನ್ ವೀಸಾ ಸಿಂಗಲ್ ಎಂಟ್ರಿಯದ್ದಾದರೆ ಸಾಲುವುದಿಲ್ಲ. ದುಬೈನಿಂದ ದೋಹಾ, ಮಸ್ಕತ್ ನೋಡಿ ಮತ್ತೆ ದುಬೈಗೆ ಬರುವ ಹಡಗಿಗೂ ಇದೇ ಲೆಕ್ಕ. ಊರಿನಿಂದ ಟೂರ್ ಗುಂಪಿನಲ್ಲಿ ಹೋಗುವವರು ಇದನ್ನು ಖಂಡಿತ ಕೇಳಿಕೊಳ್ಳಿ.

ಏಜೆಂಟ್‌ಗೆ ಫೋನಿನಲ್ಲಿ ಕೇಳಬೇಡಿ, ಇಮೇಲ್ ಮಾಡಿ. ಹೀಗೆ ಬರೆಯಿರಿ: "ನಮ್ಮಲ್ಲಿ ಇಷ್ಟು ಜನ ಭಾರತದ ಪಾಸ್‌ಪೋರ್ಟ್‌ನವರು, ಇವರ ಅಮೆರಿಕ ವೀಸಾ ಇಂಥದ್ದು. ಹಡಗು ಮುಟ್ಟುವ ಪ್ರತಿ ಬಂದರಿಗೂ ಇವರಿಗೆ ಯಾವ ವೀಸಾ ಬೇಕು?" ಅವರ ಉತ್ತರ ಬಂದಮೇಲೂ ಆಯಾ ದೇಶದ ಸರ್ಕಾರಿ ವೆಬ್‌ಸೈಟ್‌ನಲ್ಲಿ ನೀವೇ ನೋಡಿ. ಪ್ರತಿಯೊಬ್ಬರ ಪಾಸ್‌ಪೋರ್ಟ್ ಬೇರೆ ಬೇರೆಯಾಗಿ ನೋಡಿ. ನಮ್ಮ ಮನೆಯಲ್ಲೇ ಐದು ಜನರಿಗೆ ಮೂರು ತರಹದ ನಿಯಮ ಇತ್ತು.

ವೀಸಾ ಇಲ್ಲ, ಸಮಯವೂ ಇಲ್ಲ ಅನ್ನುವವರಿಗೆ ಅಲಾಸ್ಕಾ ಮುಚ್ಚಿಲ್ಲ. ಸಿಯಾಟಲ್‌ನಿಂದ ಜೂನೋಗೆ ನೇರ ವಿಮಾನ ಇದೆ, ಮೆಂಡೆನ್‌ಹಾಲ್ ಹಿಮನದಿ ಊರಿಗೆ ಹತ್ತಿರವೇ ಇದೆ. ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್‌ನಿಂದ ಅಲಾಸ್ಕಾ ಸರ್ಕಾರದ ಫೆರಿ ಮಧ್ಯೆ ಕೆನಡಾದಲ್ಲಿ ಎಲ್ಲೂ ನಿಲ್ಲದೆ ಕೆಚಿಕನ್‌ಗೆ ಹೋಗುತ್ತದೆ. ಅದು ಅಮೆರಿಕದ್ದೇ ಹಡಗು, ಹಾಗಾಗಿ ಈ ತಾಪತ್ರಯ ಇಲ್ಲ. ಕ್ರೂಸ್‌ನ ಸೌಕರ್ಯ ಮಾತ್ರ ನಿರೀಕ್ಷಿಸಬೇಡಿ.

ನಾವು ಮಾರನೆಯ ದಿನ ವಾಷಿಂಗ್ಟನ್ ರಾಜ್ಯದಲ್ಲೇ ಇರುವ ಅನಕೋರ್ಟಿಸ್‌ಗೆ ಹೋಗಿ, ಅಲ್ಲಿಂದ ಫ್ರೈಡೇ ಹಾರ್ಬರ್ ಅನ್ನುವ ದ್ವೀಪದ ಊರಿಗೆ ಫೆರಿ ಹತ್ತಿದೆವು. ಒಂದು ಗಂಟೆ ಚಿಲ್ಲರೆಯ ಪ್ರಯಾಣ. ಅಮ್ಮ ಹಡಗಿಗೆ ಅಂತ ಮಾಡಿದ್ದ ಕೋಡುಬಳೆ ಡಬ್ಬಿ ಬಿಚ್ಚಿದರು. ಅಪ್ಪ ಟೋಪಿ ಹಾಕಿಕೊಂಡು ಡೆಕ್ಕಿನ ಮೇಲೆ ನಿಂತು, ಅಲ್ಲಿ ಕಾಣುವ ದಡ ಯಾವುದು ಅಂತ ಒಬ್ಬರನ್ನು ಕೇಳಿದರು. ಕೆನಡಾ ಅಂದರು ಅವರು.

ಈ ಸಲ ಹಾಸನದಲ್ಲಿರುವಾಗಲೇ ಅರ್ಜಿ ಹಾಕುತ್ತಿದ್ದೇವೆ. ಕೆನಡಾ ವೀಸಾ ಪಾಸ್‌ಪೋರ್ಟ್ ಮುಗಿಯುವ ತಾರೀಖು ದಾಟುವುದಿಲ್ಲ. ಅಮ್ಮನ ಪಾಸ್‌ಪೋರ್ಟ್‌ಗೆ ಉಳಿದಿರುವುದು ಒಂದೇ ವರ್ಷ. ಹಾಗಾಗಿ ಮೊದಲು ಅದರ ನವೀಕರಣ, ಆಮೇಲೆ ವೀಸಾ, ವೀಸಾ ಕೈಗೆ ಬಂದಮೇಲೆ ಟಿಕೆಟ್.