ಒಂದೇ ಮೇಲ್, ಎರಡು ಸಲ: ಎಂಜೆಎಂಎಲ್ ಮತ್ತು ಫೌಂಡೇಶನ್

ವೆಬ್ ಪೇಜ್‌ಗೆ ನನಗೆ ಬೂಟ್‌ಸ್ಟ್ರಾಪ್ ಎಂಬ ಸಿದ್ಧ ವಿನ್ಯಾಸದ ಕಿಟ್ ಸಾಕು. ಅದೇ ಧೈರ್ಯದಲ್ಲಿ ಒಮ್ಮೆ ಪುಟವನ್ನು ಕಾಲಂಗಳಾಗಿ ಹಂಚುವ ಅದರ ಗ್ರಿಡ್ಡನ್ನೇ ಮೇಲ್‌ಗೂ ಹಾಕಿದೆ. ಬ್ರೌಸರ್‌ನಲ್ಲಿ ಚೆನ್ನಾಗಿತ್ತು. ಇನ್‌ಬಾಕ್ಸ್‌ನಲ್ಲಿ ಕಾಲಂಗಳು ಒಂದರ ಕೆಳಗೊಂದು ಕುಸಿದು ಕೂತಿದ್ದವು. ತಪ್ಪು ನನ್ನದೇ. ಆ ಗ್ರಿಡ್ ನಿಂತಿರುವುದು ಫ್ಲೆಕ್ಸ್‌ಬಾಕ್ಸ್ ಎಂಬ ಸಿಎಸ್‌ಎಸ್ ಜೋಡಣೆಯ ಮೇಲೆ. ವಿಂಡೋಸ್‌ನ ಹಳೆಯ ಔಟ್‌ಲುಕ್ 2007ರಿಂದಲೂ ವರ್ಡ್ ಎಂಜಿನ್‌ನಲ್ಲೇ ಮೇಲ್ ತೋರಿಸುತ್ತದೆ. ಅದಕ್ಕೆ ಫ್ಲೆಕ್ಸ್ ಗೊತ್ತಿಲ್ಲ, ಟೇಬಲ್ ಗೊತ್ತು.

ಹಾಗಾಗಿ ಒಂದೇ ವಿನ್ಯಾಸವನ್ನು, ಮೇಲ್‌ಗೆಂದೇ ಇರುವ ಎರಡು ಕಿಟ್‌ಗಳಾದ ಎಂಜೆಎಂಎಲ್‌ನಲ್ಲೂ ಫೌಂಡೇಶನ್ ಫಾರ್ ಇಮೇಲ್ಸ್‌ನಲ್ಲೂ ಕಟ್ಟಿ ನೋಡಿದೆ. ಪ್ರತಿ ಸಾಲಿನಲ್ಲೂ ಒಂದು ಪಕ್ಕ ಫೋಟೋ, ಇನ್ನೊಂದು ಪಕ್ಕ ಮಾತು, ಕೆಳಗೊಂದು ಬಟನ್. ಟೇಬಲ್ ಬರೆಯುವ ಕಾಟವನ್ನು ಎರಡೂ ತಮ್ಮ ತಲೆ ಮೇಲೆ ಹಾಕಿಕೊಳ್ಳುತ್ತವೆ.

ಬರೆಯುವ ಸುಖದಲ್ಲಿ ಜಾಸ್ತಿ ವ್ಯತ್ಯಾಸವಿಲ್ಲ. ಫೌಂಡೇಶನ್‌ನದು 12 ಪಾಲಿನ ಗ್ರಿಡ್, ಬೂಟ್‌ಸ್ಟ್ರಾಪ್ ಬಲ್ಲವರಿಗೆ ಹೊಸದೇನಲ್ಲ. ಎಂಜೆಎಂಎಲ್‌ನಲ್ಲಿ ಸೆಕ್ಷನ್ ಒಳಗೆ ಕಾಲಂ ಇಟ್ಟರೆ ಅಗಲವನ್ನು ಅದೇ ಹಂಚುತ್ತದೆ.

ಅಸಲಿ ವ್ಯತ್ಯಾಸ ಗೊತ್ತಾಗಿದ್ದು ಹೊರಬಂದ ಕೋಡ್ ಓದಿದಾಗ. ಫೌಂಡೇಶನ್ ಮೊದಲು ಡೆಸ್ಕ್‌ಟಾಪ್‌ಗೆ ಬರೆಯುತ್ತದೆ. ಪರದೆ 596 ಪಿಕ್ಸೆಲ್‌ಗೆ ಇಳಿದರೆ ಮೀಡಿಯಾ ಕ್ವೆರಿ, ಅಂದರೆ ಪರದೆಯ ಅಗಲ ನೋಡಿ ಸ್ಟೈಲ್ ಬದಲಿಸುವ ನಿಯಮ, ಬಂದು ಕಾಲಂಗಳನ್ನು ಒಂದರ ಕೆಳಗೊಂದು ಇಡುತ್ತದೆ. ಎಂಜೆಎಂಎಲ್ ಉಲ್ಟಾ. ಅಲ್ಲಿ ಪ್ರತಿ ಕಾಲಂ ಮೊದಲೇ ಪೂರ್ತಿ ಅಗಲ, ಪರದೆ 480 ಪಿಕ್ಸೆಲ್ ಮುಟ್ಟಿದ ಮೇಲಷ್ಟೇ ಅರ್ಧರ್ಧ. ಔಟ್‌ಲುಕ್‌ಗೆ ಅಂತ ಅದೊಂದೇ ಓದುವ ಕಂಡೀಷನಲ್ ಕಾಮೆಂಟ್ ಒಳಗೆ ಬೇರೆ ಟೇಬಲ್. ಸುಮ್ನೆ ಎರಡರ ಮೀಡಿಯಾ ಕ್ವೆರಿಯನ್ನೂ ಅಳಿಸಿ ಫೋನ್‌ನಲ್ಲಿ ತೆರೆದೆ. ಫೌಂಡೇಶನ್‌ನ ಮೇಲ್ 580 ಪಿಕ್ಸೆಲ್ ಅಗಲಕ್ಕೇ ನಿಂತು ಪರದೆಯಾಚೆ ಚಾಚಿತು, ಓದಲು ಪಕ್ಕಕ್ಕೆ ಎಳೆಯಬೇಕಾಯಿತು. ಎಂಜೆಎಂಎಲ್‌ನದು ಕದಲಲಿಲ್ಲ. ಸ್ಟೈಲ್ ಕಿತ್ತೆಸೆಯುವ ಮೇಲ್ ಆಪ್‌ಗಳು ಇನ್ನೂ ಇವೆ ಅಲ್ವಾ, ಅಲ್ಲಿ ಇದೇ ಕಾಪಾಡುವುದು.

ಎಂಜೆಎಂಎಲ್ ಸತಾಯಿಸಿದ್ದು ಎರಡನೇ ಸಾಲಿನಲ್ಲಿ. ಅಲ್ಲಿ ಎಡಕ್ಕೆ ಮಾತು, ಬಲಕ್ಕೆ ಫೋಟೋ. ಫೋನ್‌ನಲ್ಲಿ ಫೋಟೋ ಕೆಳಗಿಳಿದು ಮುಂದಿನ ಸಾಲಿನ ಫೋಟೋಗೆ ಅಂಟಿಕೊಂಡಿತು. ಕೋಡ್‌ನಲ್ಲಿ ಫೋಟೋ ಮೊದಲು ಬರೆದು, ಸೆಕ್ಷನ್‌ನ ಡೈರೆಕ್ಷನ್ ಅನ್ನು ಆರ್‌ಟಿಎಲ್ ಮಾಡಿದೆ. ಬಲದಿಂದ ಎಡಕ್ಕೆ ಬರೆಯುವ ಲಿಪಿಗಳ ದಿಕ್ಕು ಅದು. ನನ್ನ ಫೋಟೋಗೂ ಒದಗಿತು: ಡೆಸ್ಕ್‌ಟಾಪ್‌ನಲ್ಲಿ ಬಲಕ್ಕೇ ಉಳಿಯಿತು, ಫೋನ್‌ನಲ್ಲಿ ಮೇಲೆ ಬಂತು!

ಮುಂದಿನ ಮೇಲ್ ಎಂಜೆಎಂಎಲ್‌ನಲ್ಲೇ. ಆದರೆ ಔಟ್‌ಲುಕ್‌ಗಾಗಿ ಸೇರಿಸುವ ಟೇಬಲ್‌ಗಳಿಂದ ಫೈಲ್ ದಪ್ಪ ಆಗುತ್ತದೆ, ಅದೊಂದು ನೋಡಿಕೊಳ್ಳಬೇಕು. ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಬಾಲ ಕತ್ತರಿಸುತ್ತದೆ, ಅನ್‌ಸಬ್‌ಸ್ಕ್ರೈಬ್ ಲಿಂಕ್ ಇರುವುದೂ ಆ ಬಾಲದಲ್ಲೇ.